ಬೆನ್ನು ಮುಂದೆ ಮಾಡಿ ಏರು ಹತ್ತಿದ ಮೋಟಾರು

ಇವತ್ತು ಇಸ್ತ್ರಿ ಅಂಗಡಿಯ ಇದ್ದಿಲ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಅಪ್ಪನ ಮೋಟಾರಿನಲ್ಲಿ ಕೂತಿದ್ದೆ. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಮಳೆಗೆ ರಸ್ತೆ ಕೆಸರಾಗುವ ಮುಂಚೆ ಡ್ರೈವರುಗಳು ಹುಕ್ಕೇರಿಯಿಂದ ಗೋಕಾಕಕ್ಕೆ ಕೊನೆಯ ಪಂದ್ಯ ಓಡಿಸುತ್ತಿದ್ದರು. ವರ್ಷದ ಪಟ್ಟ ಯಾರಿಗೆಂದು ಅಲ್ಲೇ ತೀರ್ಮಾನ. ಗೆದ್ದವನ ತಲೆಗೆ ಹಿಂದಿನ ವರ್ಷ ಗೆದ್ದವನು ಕೈಯಾರೆ ರುಮಾಲು ಸುತ್ತಬೇಕು, ಅದು ಪದ್ಧತಿ.

ಆ ವರ್ಷ ಅದುವರೆಗಿನ ಪಂದ್ಯಗಳಲ್ಲಿ ಅಪ್ಪನೂ ಗೌಡರ ಮಗನೂ ಸಮ ಸಮ. ಅಪ್ಪ ಹೊಲಗೇರಿಯವ. ಹಿಂದಿನ ವರ್ಷ ಗೆದ್ದ ಗೌಡರ ಮಗ, ಅಪ್ಪನಿಗೆ ನೀರನ್ನೂ ಎತ್ತರದಿಂದ ಹೊಯ್ಯುತ್ತಿದ್ದವ.

ಗೋಕಾಕದ ಏರಿನಲ್ಲಿ ಗ್ಯಾಸಿನ ಬಲ ಸಾಲದೆ ಎರಡೂ ಮೋಟಾರು ನಿಂತವು. ಅಪ್ಪ ಗಾಡಿ ತಿರುಗಿಸಿ ರಿವರ್ಸ್ ಗೇರು ಹಾಕಿದ. ಆ ಗೇರಿಗೆ ಎಳೆಯುವ ಶಕ್ತಿ ಹೆಚ್ಚೆಂದು ಅವನಿಗೆ ಗೊತ್ತಿತ್ತು.

"ಹೊಳ್ಳಿ ಮನಿಗೆ ಹೊಂಟಾನ ನೋಡ್ರಿ," ಎಂದು ರಸ್ತೆ ಬದಿಯವರು ನಕ್ಕರು.

"ನಗ್ರಿ, ಹಲ್ಲಿಗೆ ಗಾಳಿ ಹತ್ತಲಿ," ಅಂದಳು ನನ್ನ ಪಕ್ಕ ಕೂತಿದ್ದ ಅವ್ವ.

ಹಿಂದಿನ ಸೀಟಿನಲ್ಲಿದ್ದ ನಾನೂ ಅವ್ವನೂ ಎಲ್ಲರಿಗಿಂತ ಮೊದಲು ಏರು ಹತ್ತಿದೆವು. ಗೌಡರ ಮಗ ಕೆಳಗೆ ಇನ್ನೂ ಬೆಂಕಿಗೆ ಗಾಳಿ ಹಾಕುತ್ತಿದ್ದ.

ಗೋಕಾಕದಲ್ಲಿ ಅವನು ಗೆದ್ದ ಅಪ್ಪನತ್ತ ರುಮಾಲನ್ನು ದೂರದಿಂದ ಎಸೆಯಲು ಹೋದ. ಅಪ್ಪ ಕೈ ಚಾಚದೆ ನೆಟ್ಟಗೆ ನಿಂತ.

"ಪದ್ಧತಿ ಅಂದ್ರ ಪದ್ಧತಿ," ಅಂದರು ಉಳಿದ ಡ್ರೈವರುಗಳು.

ಸುತ್ತಿದ. ಅಪ್ಪನ ಹಣೆ, ಕಿವಿ, ಕುತ್ತಿಗೆ ಎಲ್ಲ ಮುಟ್ಟಿ ಸುತ್ತಿದ.

"ಬಿಗಿಯಾಗಿ ಸುತ್ರಿ ಸಣ್ಣ ಗೌಡ್ರ," ಅಂದ ಅಪ್ಪ, "ಸಡಲಾದ್ರ ಮತ್ತ ಮುಟ್ಟಬೇಕಾಕ್ಕೈತಿ."

ಇದನ್ನು ಬರೆಯುವಾಗಲೂ ನಗು ಬಂತು. ತೊಂಬತ್ತರ ಹತ್ತಿರದ ಮುದುಕಿಗೆ ಇಷ್ಟು ಸೊಕ್ಕು ಇರಲಿ ಬಿಡ್ರಿ.