ಯಜಮಾನರ ಬಟ್ಟಲು ಮತ್ತು ಒಂದು ‘ಇರ್ಲಿ’

ಬೆಳಿಗ್ಗೆಯಿಂದ ನಮ್ಮ ಅಡುಗೆಮನೆಯಲ್ಲಿ ನೊರೆಕಾಯಿಯ ವಾಸನೆ. ನೀವು ಅದನ್ನು ಅಂಟುವಾಳ ಅನ್ನುತ್ತೀರೋ ಏನೋ, ನಮ್ಮ ಮೂಡುಬಿದಿರೆಯ ಕಡೆ ನೊರೆಕಾಯಿ ಎಂದೇ ಹೆಸರು. ನೆನೆಹಾಕಿ ಕಿವುಚಿದರೆ ಬರುವ ಆ ವಾಸನೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಾನು ಅದನ್ನು ನೆನೆಹಾಕಿದ್ದು ಕದ್ದು. ನಿವೃತ್ತಿಯಾದ ಮೇಲೆ ನನ್ನ ಮನೆಯಲ್ಲೇ ನಾನು ಕದ್ದು ಮಾಡುವ ಕೆಲಸಗಳು ಹೆಚ್ಚಾಗಿವೆ. ಸಕ್ಕರೆ ತಿನ್ನುವುದು ಒಂದು, ಇದು ಇನ್ನೊಂದು. ಉಜಿರೆಯಲ್ಲಿ ಕಾಲೇಜು ಮೇಡಂ ಆಗಿರುವ ಮಗಳು ಶ್ರುತಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: “ಅಮ್ಮ, ಬಟ್ಟಲನ್ನು ಮಾತ್ರ ಉಜ್ಜಬೇಡ. ಹಳೆ ಬೆಳ್ಳಿಗೆ ಆ ಕಪ್ಪೇ ಬೆಲೆಯಂತೆ. ಉಜ್ಜಿದರೆ ಹಾಳು ಅಂತ ಏಲಂನವರು ಹೇಳಿದ್ದಾರೆ.”

ಏಲಂ ಅಂದರೆ ನಮ್ಮೂರಿನ ಏಲಂ ಅಲ್ಲ. ಬೆಂಗಳೂರಿನಲ್ಲಿ ಯಾರೋ ಹಳೆಯ ಒಡವೆ, ಗಡಿಯಾರ, ಬೆಳ್ಳಿ ಸಾಮಾನು ಎಲ್ಲ ಸೇರಿಸಿ ಫೋನಿನಲ್ಲೇ ಹರಾಜು ಮಾಡುತ್ತಾರಂತೆ. ಕಳೆದ ವರ್ಷ ನನ್ನ ಸಣ್ಣ ಮಾವನ ಮಗ ಸುಧಾಕರ ಮನೆಯಲ್ಲಿದ್ದ ಚೈನಿನ ಕಿಸೆ ಗಡಿಯಾರವನ್ನು ಅಲ್ಲಿಗೆ ಕೊಟ್ಟ. ಅದರ ಫೋಟೊ ನಾನೂ ನೋಡಿದೆ. ಕಪ್ಪು ಮಖಮಲ್ಲಿನ ಮೇಲೆ ಮಲಗಿಸಿ, ಕೆಳಗೆ ‘ವಿಂಟೇಜ್’ ಎಂದು ಬರೆದಿದ್ದರು. ಆ ಗಡಿಯಾರ ನನಗೆ ಗೊತ್ತಿರುವಾಗಿನಿಂದ ನಡೆದದ್ದಿಲ್ಲ ಮಾರಾಯ್ರೆ! ನಡೆಯದ ಗಡಿಯಾರಕ್ಕೆ ಅಷ್ಟು ಮರ್ಯಾದೆಯಾದರೆ ನಿನ್ನ ಬಟ್ಟಲಿಗೆ ಎಷ್ಟಿರಬೇಡ ಎಂದು ಶ್ರುತಿಯ ವಾದ. ಕಳ್ಳರ ಹೆದರಿಕೆಯಿಂದ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಕಪಾಟಿನ ಅಡಿಯಲ್ಲಿ ಇಟ್ಟವಳು ನಾನೇ. ವರ್ಷಕ್ಕೊಮ್ಮೆ ಮುಟ್ಟಿ ನೋಡಿ ಮತ್ತೆ ಸುತ್ತಿಡುವುದಕ್ಕೆ ಬಟ್ಟಲು ಯಾಕೆ ಬೇಕು ಹೇಳಿ. ಆಗಲಿ, ಕೊಡುವ ಎಂದೆ. ಇವತ್ತು ಮಧ್ಯಾಹ್ನ ಅವಳು ಬಂದು ಕೊಂಡುಹೋಗುವುದೆಂದು ಮಾತಾಯಿತು.

ಆದರೆ ಸೀರೆ ಬಿಚ್ಚಿ ನೋಡಿದರೆ ಬಟ್ಟಲು ಬಾಣಲೆಯ ಬಣ್ಣಕ್ಕೆ ತಿರುಗಿತ್ತು. ಹೀಗೆ ಕಳಿಸಿದರೆ ಕಲ್ಯಾಣಿ ದೊಡ್ಡಮ್ಮ ನನ್ನನ್ನು ಸುಮ್ಮನೆ ಬಿಡುವಳೇ? ಅವಳು ತೀರಿಹೋಗಿ ಎಷ್ಟೋ ಕಾಲವಾಯಿತು, ಆದರೂ ಬೈಗುಳಕ್ಕೆ ಹೆದರುವ ಅಭ್ಯಾಸ ನನಗೆ ಹೋಗಿಲ್ಲ.

ಕಲ್ಯಾಣಿ ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅವರ ಮನೆ ಬಂಟ್ವಾಳ ತಾಲೂಕಿನ ವಾಮದಪದವಿನ ಹತ್ತಿರ. ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಮನೆ ಹೆಂಗಸರದ್ದು ಎಂದು ಕೇಳಿ ಹೊರಗಿನವರು ನಮ್ಮನ್ನು ಬೆರಗಿನಿಂದ ನೋಡುವುದುಂಟು. ಸುಳ್ಳಲ್ಲ. ಆದರೆ ಆ ಮನೆಯಲ್ಲಿ ಬೆಳ್ಳಿ ಬಟ್ಟಲಿನಲ್ಲಿ ಉಣ್ಣುತ್ತಿದ್ದವರು ಯಜಮಾನರು, ಅಂದರೆ ಆ ಹೆಂಗಸರ ಹಿರಿಯ ಅಣ್ಣ. ನಮಗೆ ದೊಡ್ಡ ಮಾವ. ಚಾವಡಿಯಲ್ಲಿ ಮಣೆ, ಮಣೆಯ ಮುಂದೆ ಬಟ್ಟಲು, ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ. ಉಳಿದವರಿಗೆ ಒಳಗೆ ಪಿಂಗಾಣಿ, ಸ್ಟೀಲು, ಮಕ್ಕಳಿಗೆ ಬಾಳೆಲೆ. ದೊಡ್ಡ ಮಾವ ಕೆಟ್ಟವರಲ್ಲ, ಮಕ್ಕಳಿಗೆ ತಮ್ಮ ಬಟ್ಟಲಿನಿಂದಲೇ ಮೀನಿನ ತುಂಡು ತೆಗೆದು ಕೊಡುತ್ತಿದ್ದರು. ಆದರೆ ಬಟ್ಟಲು ಅವರದು, ಅದರಲ್ಲಿ ಎರಡು ಮಾತಿಲ್ಲ.

ಅದನ್ನು ತೊಳೆಯುವವಳು ಮಾತ್ರ ದೊಡ್ಡಮ್ಮ. ಗಂಡ ಬೇಗ ಹೋಗಿ, ಮಕ್ಕಳಿಲ್ಲದೆ, ಅವಳು ಹುಟ್ಟಿದ ಮನೆಯಲ್ಲೇ ಉಳಿದವಳು. ದಿನಾ ಮಧ್ಯಾಹ್ನ ಬಾವಿಕಟ್ಟೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ನೊರೆಕಾಯಿಯ ನೀರಿನಲ್ಲಿ ಆ ಬಟ್ಟಲನ್ನು ಉಜ್ಜುವಾಗ ಯಾರು ಮಾತನಾಡಿಸಿದರೂ ಉತ್ತರವಿಲ್ಲ. ಬಟ್ಟಲಿನ ನಡುವೆ ಹಂಸ ಕೆತ್ತಿತ್ತಂತೆ. ಅವಳು ಉಜ್ಜಿ ಉಜ್ಜಿ ನನ್ನ ಕಾಲಕ್ಕೆ ಅದು ಹೆಚ್ಚುಕಡಿಮೆ ಹೇಂಟೆಯಾಗಿತ್ತು. ಒರೆಸಿ, ಬಿಸಿಲಿಗೆ ಹಿಡಿದು, ಒಂದು ಗಳಿಗೆ ನೋಡಿ, ಗೂಡಿನಲ್ಲಿ ಇಡುವಳು. ಆಮೇಲೆ ತನ್ನ ಅಂಚು ಹಾರಿದ ಪಿಂಗಾಣಿ ತಟ್ಟೆ ಎಳೆದುಕೊಂಡು ಉಳಿದದ್ದು ಉಣ್ಣುವಳು.

ಅವಳಿಗೊಂದು ಮಾತಿತ್ತು: ‘ಇರ್ಲಿ.’ ಮನೆಯಲ್ಲಿ ನಾವು ಆಡುವುದು ತುಳು, ತುಳುವಿನಲ್ಲಿ ಅದು ‘ಇಪ್ಪಡ್’. ಯಾವ ಭಾಷೆಯಲ್ಲಿ ಹೇಳಿದರೂ ಅವಳ ಬಾಯಲ್ಲಿ ಅದಕ್ಕೆ ಒಂದೇ ಅರ್ಥ, ಬೇಡ. ದೊಡ್ಡಮ್ಮ, ಇನ್ನೊಂದು ತುಂಡು ಮೀನು? ಇರ್ಲಿ. ಅಕ್ಕ, ಮದುವೆಗೆ ನಿನಗೂ ಒಂದು ಸೀರೆ ತರುವುದಾ? ಇರ್ಲಿ. ಜೀಪಿನಲ್ಲಿ ಜಾಗ ಉಂಟು, ಧರ್ಮಸ್ಥಳಕ್ಕೆ ಬರ್ತೀಯಾ? ಇರ್ಲಿ, ನೀವು ಹೋಗಿ ಬನ್ನಿ. ಕೇಳುವವರಿಗೂ ಕೊನೆಕೊನೆಗೆ ಸಲೀಸಾಗಿತ್ತು. ಉತ್ತರ ಗೊತ್ತಿದ್ದ ಪ್ರಶ್ನೆ ಕೇಳುವುದಕ್ಕೆ ಖರ್ಚೇನು? ನಾನು ಮುಂದೆ ಕನ್ನಡ ಟೀಚರಾಗಿ ‘ಇರಲಿ’ ಎಂಬುದು ವಿಧ್ಯರ್ಥಕ ಕ್ರಿಯಾಪದ, ಆಶೀರ್ವಾದ, ಅಪ್ಪಣೆ, ಹಾರೈಕೆಗಳಲ್ಲಿ ಬರುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ದೊಡ್ಡಮ್ಮನ ಇರ್ಲಿ ಈ ಮೂರರಲ್ಲಿ ಯಾವುದೂ ಅಲ್ಲ ಎಂಬುದು ಪಾಠ ಮಾಡುವಾಗ ನನಗೆ ಹೊಳೆಯಲೂ ಇಲ್ಲ.

ದೊಡ್ಡ ಮಾವ ತೀರಿಹೋದ ಮೇಲೆ ಕುಟುಂಬ ಪಾಲಾಯಿತು. ಗದ್ದೆ, ಗುಡ್ಡ ಎಲ್ಲ ಅಳತೆಯಲ್ಲಿ ಮುಗಿಯಿತು, ಮಕ್ಕಳಿಲ್ಲದ ದೊಡ್ಡಮ್ಮನ ಹೆಸರಿಗೆ ನೆಲ ಬರಲಿಲ್ಲ. ಮನೆಯ ಚಿನ್ನದ ಚಕ್ರಸರವನ್ನು ಬಿಡಿಸಿ ಅಕ್ಕತಂಗಿಯರಿಗೆ ಹಂಚಿದರು. ಉಳಿದದ್ದು ತುಂಡು ಮಾಡಲಾಗದ ಸಾಮಾನು: ಒಂದು ಜೊತೆ ಬೆಂಡೋಲೆ, ಆ ಕಿಸೆ ಗಡಿಯಾರ, ಬೆಳ್ಳಿಯ ಪನ್ನೀರುದಾನಿ, ಮತ್ತೆ ಯಜಮಾನರ ಬಟ್ಟಲು. ಇಂಥದ್ದಕ್ಕೆ ನಮ್ಮಲ್ಲಿ ಮನೆಯೊಳಗೇ ಏಲಂ. ಕೂಗುವವರು ಕುಟುಂಬದವರಷ್ಟೆ, ಏಲಂ ನಿಂತ ಮೊತ್ತ ಅವರವರ ಪಾಲಿನಲ್ಲಿ ವಜಾ. ಆದರೆ ನಡೆಸಿಕೊಡುವುದಕ್ಕೆ ಹೊರಗಿನವರೇ ಆಗಬೇಕು, ಇಲ್ಲವಾದರೆ ಆಮೇಲೆ ಜನ್ಮ ಪೂರ್ತಿ ಮಾತು ಕೇಳಬೇಕಾಗುತ್ತದೆ.

ಕರೆಸಿದ್ದು ಲೂವಿಸ್ ಪೊರ್ಬುಗಳನ್ನು. ನಮ್ಮಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಹಾಗೆ ಕರೆಯುವುದು. ಅವರು ಇಗರ್ಜಿಯ, ಅಂದರೆ ಚರ್ಚಿನ, ಹಬ್ಬದಲ್ಲಿ ಹರಕೆಗೆ ಬಂದ ಬೂದುಗುಂಬಳ, ಬಾಳೆಗೊನೆ, ಹುಂಜ ಎಲ್ಲ ಏಲಂ ಕೂಗಿ ಪಳಗಿದವರು. ನಮ್ಮ ಚಾವಡಿಯಲ್ಲೂ ಅದೇ ಗಂಟಲು. ಬೆಂಡೋಲೆಯನ್ನು ಎತ್ತಿ ಹಿಡಿದು, “ನೋಡಿ, ನೋಡಿ, ಫಸ್ಟ್ ಕ್ಲಾಸ್, ಎಲ್ಲಿಯೂ ಹುಳ ಹಿಡಿದಿಲ್ಲ!” ಅಂದರು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಪಾಲಿನ ದಿನ ಅಷ್ಟು ನಗು ಬಂದದ್ದು ಆ ಪುಣ್ಯಾತ್ಮನಿಂದ.

ನಾನು ಆಗಷ್ಟೇ ಟೀಚರ್ ಕೆಲಸಕ್ಕೆ ಸೇರಿದವಳು. ಅಂದು ನನ್ನ ಜವಾಬ್ದಾರಿ ಚಾ ಹಂಚುವುದು. ಗಡಿಯಾರ ಸಣ್ಣ ಮಾವನಿಗೆ ಹೋಯಿತು. ಸಣ್ಣ ಮಾವ ದೊಡ್ಡಮ್ಮನ ತಮ್ಮ, ಬಟ್ಟಲೂ ತನಗೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಬಂದಿದ್ದವರು. ಯಜಮಾನಿಕೆ ಮುಗಿದರೂ ಬಟ್ಟಲಾದರೂ ಗಂಡಸಿನ ಮುಂದೆ ಇರಲಿ ಎಂದು ಅವರ ಲೆಕ್ಕ. ಬಟ್ಟಲು ಮೇಲೆದ್ದಿತು. ಮಾವ ಕೂಗಿದರು. ಎದುರು ಯಾರೂ ಬಾಯಿ ಬಿಡಲಿಲ್ಲ. “ಒಂದು ಸರ್ತಿ,” ಅಂದರು ಪೊರ್ಬುಗಳು. ನಾನು ಬಾಗಿಲ ಸಂದಿನಲ್ಲಿ ಗೋಡೆಗೊರಗಿ ಕೂತ ದೊಡ್ಡಮ್ಮನ ಹತ್ತಿರ ಬಾಗಿ, “ದೊಡ್ಡಮ್ಮ, ಚಾ?” ಎಂದೆ. “ಎರಡು ಸರ್ತಿ!”

“ಇರ್ಲಿ,” ಅಂದಳು ದೊಡ್ಡಮ್ಮ. ಅವಳ ಎಂದಿನ ಸ್ವರಕ್ಕಿಂತ ಸ್ವಲ್ಪ ಗಟ್ಟಿಯಾಗಿ.

ಈಗ ನೋಡಿ, ಇಗರ್ಜಿಯ ಏಲಂನಲ್ಲಿ ಬೆಲೆ ಏರಿಸುವವರು ‘ಇನ್ನೊಂದು ಹತ್ತು ಇರ್ಲಿ’, ‘ಮೇಲೆ ಐದು ಇರ್ಲಿ’ ಎನ್ನುವುದು ರೂಢಿ. ಪೊರ್ಬುಗಳ ಕಿವಿ ಆ ಮಾತಿಗೇ ಪಳಗಿದ್ದು. ಅವರಿಗೆ ನಮ್ಮ ದೊಡ್ಡಮ್ಮನ ನಿಘಂಟು ಎಲ್ಲಿಂದ ಗೊತ್ತು? “ಕಲ್ಯಾಣಕ್ಕನವರು ಇರ್ಲಿ ಅಂದರು! ಮೇಲೆ ಒಂದು ನೂರು! ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ!” ಎಂದು ಒಂದೇ ಉಸಿರಿಗೆ ಕೂಗಿ, ಬಟ್ಟಲಿನ ಬೆನ್ನಿಗೆ ಬೆರಳಿನಿಂದ ಟಣ್ ಎಂದು ಹೊಡೆದೇಬಿಟ್ಟರು.

ಚಾವಡಿ ಇಡೀ ನಕ್ಕಿತು. ಸಣ್ಣ ಮಾವನೂ ನಕ್ಕರು. “ಅಯ್ಯೋ ಪೊರ್ಬುಗಳೇ, ಅವಳು ಹೇಳಿದ್ದು ಚಾಕ್ಕೆ ಮಾರಾಯ್ರೆ! ಅಕ್ಕ, ಚಾಕ್ಕೆ ಅಲ್ವಾ ನೀನು ಹೇಳಿದ್ದು?”

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ಅವಳು ‘ಹೌದಪ್ಪ’ ಎಂದರೆ ಮುಗಿಯಿತು. ಅವಳು ಹಾಗೆನ್ನುತ್ತಾಳೆಂದು ನನಗೂ ಸಂಶಯವಿರಲಿಲ್ಲ. ಅವಳು ಬಟ್ಟಲನ್ನು ನೋಡಿದಳು, ತಮ್ಮನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. “ಏಲಂ ಮೂರು ಸರ್ತಿ ಆಯ್ತಲ್ಲ,” ಅಂದಳು ಮೆಲ್ಲಗೆ. “ಇನ್ನು ಇಲ್ಲ ಅಂದರೆ ಪೊರ್ಬುಗಳ ಬಾಯಿಗೆ ಮರ್ಯಾದೆ ಉಂಟಾ?”

“ಅದು ಹೌದು,” ಅಂದರು ಪೊರ್ಬುಗಳು, ಗಂಭೀರವಾಗಿ. “ಏಲಂ ಅಂದರೆ ಏಲಂ.”

ಮಾವನ ನಗು ನಿಂತಿತು. “ನಿನಗೆ ಯಾಕಕ್ಕ ಅದು? ವಜಾ ಮಾಡಲಿಕ್ಕೆ ನಿನ್ನ ಪಾಲಿನಲ್ಲಿ ಎಂತ ಉಂಟು?” ಎಂದು ಕೇಳಿದರು. ದೊಡ್ಡಮ್ಮ ಆ ಬೆಳಿಗ್ಗೆಯಷ್ಟೇ ತನ್ನ ಪಾಲಿಗೆ ಬಂದಿದ್ದ ಚಕ್ರಸರದ ತುಂಡನ್ನು ಮಡಿಲಿನಿಂದ ತೆಗೆದು ಚಾಪೆಯ ಮೇಲಿಟ್ಟಳು. ಅವಳ ಹತ್ತಿರ ಇದ್ದ ಚಿನ್ನ ಅಂದರೆ ಅದೊಂದೇ. ನನ್ನ ಅಮ್ಮ ಅವಳ ಕೈ ಹಿಡಿದು, “ಅಕ್ಕ, ನಿನಗೆ ಮರುಳಾ?” ಅಂದಳು. ದೊಡ್ಡಮ್ಮ ಕೈ ಬಿಡಿಸಿಕೊಂಡಳು.

ಊರಿಗೆಲ್ಲ ಅದು ತಮಾಷೆಯಾಯಿತು. ಕಲ್ಯಾಣಕ್ಕ ಚಾ ಬೇಡ ಅಂದು ಬಟ್ಟಲು ಹೊತ್ತುಕೊಂಡು ಹೋದದ್ದು ಎಂದು ಮದುವೆಮನೆಗಳಲ್ಲಿ ಹೇಳಿ ನಗುವರು. ಅವಳೂ ಜೊತೆಗೆ ನಗುವಳು. “ನನ್ನ ಗ್ರಹಚಾರ! ಒಂದು ಲೋಟ ಚಾಕ್ಕೆ ಹೋಗಿ ಚಕ್ರಸರ ಕಳಕೊಂಡೆ,” ಎಂದು ಹಣೆ ಚಚ್ಚಿಕೊಳ್ಳುವಳು. ಸಣ್ಣ ಮಾವನ ಸಿಟ್ಟು ಆ ನಗೆಯಲ್ಲೇ ಕರಗಿತು. ದೀಪಾವಳಿಗೆ ಮೊದಲಿನಂತೆ ಬಂದುಹೋಗುತ್ತಿದ್ದರು.

ಪಾಲಾದ ಮೇಲೆ ಅವಳು ಬೆಳ್ತಂಗಡಿಯ ನಮ್ಮ ಮನೆಗೆ ಬಂದಳು. ಬಸ್ಸಿನಲ್ಲಿ ಟ್ರಂಕು ಮೇಲೆ, ಬಟ್ಟಲು ಮಡಿಲಲ್ಲಿ. ಬಂದ ಮರುದಿನವೇ ಮಧ್ಯಾಹ್ನ ಅದನ್ನು ತೊಳೆದು, ಒರೆಸಿ, ತಾನೇ ಮಣೆ ಹಾಕಿಕೊಂಡು, ಅದಕ್ಕೆ ಗಂಜಿ ಬಡಿಸಿಕೊಂಡಳು. ಅಮ್ಮನಿಗೆ ಕಸಿವಿಸಿ. “ಅಕ್ಕ, ಅದು ಯಜಮಾನರ ಬಟ್ಟಲಲ್ವಾ?”

“ಹೌದು. ಯಜಮಾನರು ಯಾರು ಈಗ?” ಎಂದು ದೊಡ್ಡಮ್ಮ ಉಪ್ಪಿನಕಾಯಿಗೆ ಕೈ ಚಾಚಿದಳು. “ತೊಳೆದವಳು ಉಣ್ಣಬಾರದು ಅಂತ ಎಲ್ಲಿಯಾದರೂ ಉಂಟಾ?”

ಅಂದಿನಿಂದ ಸಾಯುವ ತನಕ ಅವಳು ಬೇರೆ ತಟ್ಟೆಯಲ್ಲಿ ಉಣ್ಣಲಿಲ್ಲ. ಹುಳಿ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆಂದು ನಾನು ಪಾಂಡಿತ್ಯ ತೋರಿಸಿದರೆ, “ಕಪ್ಪಾದರೆ ಉಜ್ಜುವ, ನೊರೆಕಾಯಿಗೆ ಬರಗಾಲ ಬಂದಿದೆಯಾ?” ಎನ್ನುವಳು. ಕೊನೆಗಾಲದಲ್ಲಿ ಕೈ ನಡುಗುವಾಗ ಉಜ್ಜುವ ಕೆಲಸ ನನಗೆ ಬಂತು. ನಾನು ಉಜ್ಜಿದ್ದು ಅವಳಿಗೆ ಎಂದೂ ಸಾಕಾಗಲಿಲ್ಲ. ಹೋಗುವ ಮೊದಲು ನನ್ನನ್ನು ಕರೆದು, “ಬಟ್ಟಲು ನಿನ್ನ ಹತ್ತಿರ ಇರ್ಲಿ,” ಅಂದಳು. ಈ ಸಲದ ಇರ್ಲಿಗೆ ಅರ್ಥ ಹುಡುಕಬೇಕಾಗಿರಲಿಲ್ಲ. ಅಂಥ ಬಟ್ಟಲನ್ನು ನಾನು ಸೀರೆಯಲ್ಲಿ ಸುತ್ತಿಟ್ಟೆ, ಜಾಣೆ ನಾನು.

ಇವತ್ತು ಬೆಳಿಗ್ಗೆ ಅದನ್ನು ಉಜ್ಜುತ್ತಾ ಕೂತೆ. ಏಲಂನವರ ಬೆಲೆಬಾಳುವ ಕಪ್ಪು ಕರಗಿ ಸಿಂಕಿನಲ್ಲಿ ಹರಿಯುತ್ತಿತ್ತು. ನಡುವಿನಿಂದ ಹೇಂಟೆ ನಿಧಾನಕ್ಕೆ ಎದ್ದು ಬಂತು. ಅಷ್ಟರಲ್ಲಿ ಒಲೆಯ ಮೇಲೆ ಚಾ ಉಕ್ಕಿತು. ಓಡಿಹೋಗಿ ಆರಿಸುವಾಗ ಬೆಳ್ತಂಗಡಿಯ ಮನೆಯ ಚಾ ನೆನಪಾಯಿತು. ದೊಡ್ಡಮ್ಮ ಬಂದ ಮೇಲೆ ನಮ್ಮಲ್ಲಿ ಚಾಪುಡಿಯ ಡಬ್ಬಿಗೆ ತಳವೇ ಇರಲಿಲ್ಲ. ಎದ್ದ ಕೂಡಲೇ ಚಾ, ತಿಂಡಿಗೆ ಚಾ, ಗಂಜಿ ಉಂಡು ಕೈ ಆರುವ ಮೊದಲೇ ಚಾ. ನೆಂಟರಿಗೆ ಮಾಡಿದರೆ ಅವಳಿಗೊಂದು, ನೆಂಟರು ಹೋದ ಖುಷಿಗೆ ಇನ್ನೊಂದು. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ನರ್ಸಮ್ಮ ಗ್ಲೂಕೋಸ್ ಹಾಕುತ್ತಿದ್ದರೆ, “ಇದರ ಬದಲು ಚಾ ಹಾಕ್ಲಿಕ್ಕೆ ಆಗುವುದಿಲ್ವಾ ಮಗಾ?” ಎಂದು ಕೇಳಿದವಳು. ಮೀನು ಬೇಡ, ಸೀರೆ ಬೇಡ, ಜೀಪು ಬೇಡ. ಆದರೆ ಚಾ?

ನಾನು ಒದ್ದೆ ಕೈಯಲ್ಲಿ ಹಾಗೇ ನಿಂತೆ. ಆ ಹೆಂಗಸು ತನ್ನ ಜೀವಮಾನದಲ್ಲಿ ಒಂದು ಲೋಟ ಚಾಕ್ಕೆ ಬೇಡ ಅಂದದ್ದನ್ನು ನಾನು ಕೇಳಿದ್ದಿಲ್ಲ. ಅಂದು ಕೂಡ ಕೇಳಿರಲಿಲ್ಲ! ಅವಳು ಕೂಗಿದ್ದೇ ಏಲಂ. ತಮ್ಮನ ಎದುರು ಕೂಗುವ ಧೈರ್ಯವಿಲ್ಲದೆ, ನನ್ನ ಚಾದ ಮರೆಯಲ್ಲಿ ನಿಂತು ಕೂಗಿದ್ದು. ಆಮೇಲೆ ಊರಿನವರ ನಗುವಿಗೆ ತಾನೂ ನಗು ಸೇರಿಸಿ, ಆ ಆಸೆಯನ್ನು ಕೊನೆಯ ತನಕ ಮುಚ್ಚಿಟ್ಟಳು. ನಾನೋ, ಅವಳು ಬೇಡ ಅಂದಳೆಂದು ಆ ಲೋಟವನ್ನು ಒಳಗೆ ಕೊಂಡುಹೋಗಿ ನಾನೇ ಕುಡಿದಿದ್ದೆ. ಪಾಪ, ಅವಳಿಗೆ ಬಾಯಿ ಎಷ್ಟು ಒಣಗಿತ್ತೋ! ಸಿಂಕಿನ ಮುಂದೆ ನಗು ಬಂತು, ನಗುತ್ತಾ ಕಣ್ಣೀರೂ ಬಂತು, ಒರೆಸಲು ಹೋಗಿ ನೊರೆಕಾಯಿ ಕಣ್ಣಿಗೆ ತಾಗಿ ಮತ್ತಷ್ಟು ಬಂತು.

ಶ್ರುತಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಕಂಕುಳಲ್ಲಿ, ಫೋನು ಕಿವಿಯಲ್ಲಿ. ಮೇಜಿನ ಮೇಲೆ ಬಟ್ಟಲು ಥಳಥಳ ಹೊಳೆಯುವುದನ್ನೂ ಅದರಲ್ಲಿ ಗಂಜಿ ಇರುವುದನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಅಮ್ಮ! ಉಜ್ಜಿದ್ಯಾ? ಅಯ್ಯೋ ದೇವರೇ... ಏಲಂನವರು ಲೈನಿನಲ್ಲೇ ಇದ್ದಾರೆ. ಎಂತ ಹೇಳ್ಲಿ ಅವರಿಗೆ? ಕಳಿಸುವುದಾ?”

ಬಾಯಲ್ಲಿ ಗಂಜಿ ಇತ್ತು. “ಇರ್ಲಿ,” ಅಂದೆ.

“ಇರ್ಲಿ ಅಂದರೆ? ಬೇಕಾ, ಬೇಡವಾ? ಸರಿಯಾಗಿ ಹೇಳಮ್ಮ.”

ನಾನು ಬಟ್ಟಲನ್ನು ಎರಡೂ ಕೈಯಿಂದ ನನ್ನ ಕಡೆಗೆ ಎಳೆದುಕೊಂಡೆ.

“ಮೊದಲು ಆ ಫೋನು ಇಡು,” ಅಂದೆ. “ಇಬ್ಬರಿಗೂ ಚಾ ಮಾಡು. ಹೇಳ್ತೇನೆ.”