ಹಾಲಿನ ಚೀಟಿಗೆ ಮರ್ಯಾದೆ ಕಲಿಸಿದ್ದು

ಸರಿಯಾಗಿ ನಡೆಯುತ್ತಿರುವ ಯಾವುದನ್ನೂ ಸುಮ್ಮನೆ ಬಿಡಲಾರದ ಕೆಟ್ಟ ಅಭ್ಯಾಸ ನನಗಿದೆ. ಸಾಗರದ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುವವನು ಪಾಠ ಮುಗಿಸಿ ಮನೆಗೆ ಹೋಗಬೇಕಪ್ಪ. ನಾನು ಇರಲಾರದೆ ಇರುವೆ ಬಿಟ್ಟುಕೊಳ್ಳುವವರ ಪೈಕಿ. ಆನಂದಪುರದ ದಾರಿಯಲ್ಲಿರುವ ನಮ್ಮೂರಿನ ಹಾಲಿನ ಸೊಸೈಟಿಗೆ ಹೊಸ ಮಿಷಿನ್ನು ಬಂದಾಗ, ಹಾಲು ಅಳೆದ ಕೂಡಲೇ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಯಾರೂ ಕೇಳುವ ಮೊದಲೇ ಬರೆದುಕೊಟ್ಟೆ.

ವಾರ ಕಳೆಯುವಷ್ಟರಲ್ಲಿ ತಿಮ್ಮಕ್ಕ ಹಾಲು ತರುವುದನ್ನು ನಿಲ್ಲಿಸಿದರು. ಎಪ್ಪತ್ತು ದಾಟಿದವರು. ಒಂದು ಕಾಲಕ್ಕೆ ಗೇಣಿಗೆ ಮಾಡುತ್ತಿದ್ದ ಗದ್ದೆಗೆ ಈಗ ತಾವೇ ಒಡತಿ. ಹಾಲಿನಲ್ಲಿ ನೀರಿದೆ ಎಂದು ಯಾರಾದರೂ ಅಂದರೇನೋ ಎಂದುಕೊಂಡು ಮನೆಗೇ ಹೋಗಿ ಕೇಳಿದೆ.

"ನಿಮ್ ಮಿಷಿನ್ನು ಚೀಟಿಲಿ ನಂಗೆ ತಿಮ್ಮಿ ಅಂತದೆ," ಎಂದರು. "ಒಡೇರ ಮನೆ ಮಕ್ಳು ಹಂಗೇ ಕರೀತಿದ್ರು. ನನ್ನ ಸೊಂಟದ ಮೇಲೆ ಕೂತ್ಕಂಡೇ ತಿಮ್ಮಿ ಅಂತಿದ್ರು. ಅದು ಮುಗೀತು ಅಂದ್ಕಂಡಿದ್ದೆ."

ಸೊಸೈಟಿಯ ಪಟ್ಟಿಯಲ್ಲಿದ್ದ ಹೆಸರನ್ನೇ ನಾನು ಚೀಟಿಗೆ ಹಾಕಿದ್ದೆ. ಸೊಸೈಟಿಯ ಕಾರ್ಯದರ್ಶಿಯ ಹತ್ತಿರ ಓಡಿದರೆ, ಆಧಾರ್ ಕಾರ್ಡಿನಲ್ಲೂ ಅದೇ ಹೆಸರು, ಬದಲಾಯಿಸಲು ಬರುವುದಿಲ್ಲ ಎಂದು ಕೈಯೆತ್ತಿದ.

ಹೆಸರು ಬದಲಾಗದಿದ್ದರೆ ಬೇಡ, ಕರೆಯುವ ರೀತಿ ಬದಲಾಗಲಿ ಎಂದು ಹಟ ಹಿಡಿದೆ. ಸಿ ಭಾಷೆಯಲ್ಲಿ ಪ್ರಿಂಟ್‌ಎಫ್ ಎಂಬುದೊಂದಿದೆ. ಚೀಟಿಯ ಮೇಲೆ ಅಕ್ಷರ ಮೂಡಿಸುವುದು ಅದೇ. ಶೇಕಡಾ ಚಿಹ್ನೆಯ ಪಕ್ಕ ಡಿ ಬರೆದರೆ ಸಂಖ್ಯೆ ಮುದ್ರಿಸುತ್ತದೆ, ಎಸ್ ಬರೆದರೆ ಹೆಸರು. ಇದ್ದದ್ದು ಸಾಲದು ಎನ್ನುವ ನನ್ನಂಥವರಿಗಾಗಿಯೇ ಒಂದು ಸೌಕರ್ಯವೂ ಇದೆ: ನಮ್ಮದೇ ಹೊಸ ಅಕ್ಷರವೊಂದನ್ನು ಸೇರಿಸಿ, ಅದು ಕಂಡಾಗ ಹೇಗೆ ಮುದ್ರಿಸಬೇಕೆಂದು ಹೇಳಿಕೊಡಬಹುದು. ನಾನು ಮರ್ಯಾದೆಗೆಂದೇ ಒಂದು ಅಕ್ಷರ ಸೇರಿಸಲು ಹೊರಟೆ. ಆದರೆ ಆ ಅಕ್ಷರ ಎಷ್ಟು ಮಾಹಿತಿ ಬೇಡುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು. ಅಲ್ಲಿ ಸಿಕ್ಕಿಕೊಂಡೆ. ಡಿ ಅಕ್ಷರಕ್ಕೆ ಒಂದು ಸಂಖ್ಯೆ ಕೊಟ್ಟರಾಯಿತು. ಮರ್ಯಾದೆಗೆ ಇಬ್ಬರು ಬೇಕು: ಕರೆಸಿಕೊಳ್ಳುವವರು ಮತ್ತು ಕರೆಯುವವರು. ತಿಮ್ಮಕ್ಕ ಕಾರ್ಯದರ್ಶಿಗೆ ಚಿಕ್ಕಮ್ಮ, ನನಗೆ ಅಕ್ಕ, ಎದುರು ಮನೆಯವರಿಗೆ ಅತ್ತಿಗೆ. ಮಿಷಿನ್ನಿಗೆ ಏನಾಗಬೇಕು?

ಕೂತರೆ ಸಮಾಧಾನವಿಲ್ಲ, ನಿಂತರೆ ಸಮಾಧಾನವಿಲ್ಲ. ಬೈಕು ಹತ್ತಿ ಹೊಸನಗರಕ್ಕೆ ಹೋದೆ, ಅಲ್ಲಿಂದ ತೀರ್ಥಹಳ್ಳಿಗೆ. ಕಂಡ ಕಂಡ ಹೋಟೆಲಿನಲ್ಲಿ ಟೀ ಕುಡಿಯುತ್ತ, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಕಿವಿಗೊಟ್ಟು ಕೂತೆ. ಗುರುತು ಪರಿಚಯ ಇಲ್ಲದವರೂ ಮಾತಿಗೆ ಮೊದಲು ಎದುರಿನವರ ಮುಖ ನೋಡಿ ವಯಸ್ಸು ಅಳೆದುಕೊಂಡೇ ಅಣ್ಣ, ಮಾವ, ಅಮ್ಮ ಎನ್ನುತ್ತಿದ್ದರು. ಮಿಷಿನ್ನಿಗೆ ನೋಡಲು ಕಣ್ಣಾದರೂ ಎಲ್ಲಿದೆ? ಟೀ ಹೆಚ್ಚಾಗಿ ಎದೆ ಉರಿ ಬಂತೇ ಹೊರತು ದಾರಿ ತೋಚಲಿಲ್ಲ. ಮಿಷಿನ್ನು ನಿಮ್ಮನ್ನು ಏನೆಂದು ಕರೆಯಲಿ ಎಂದು ಕೊನೆಗೆ ತಿಮ್ಮಕ್ಕನನ್ನೇ ಕೇಳಿದೆ.

"ಅದಕ್ಕೆ ಎಷ್ಟ್ ವರ್ಷ?" ಎಂದರು.

"ಇನ್ನೂ ವರ್ಷ ತುಂಬಿಲ್ಲ ತಿಮ್ಮಕ್ಕ."

"ಹಂಗಾರೆ ಕೂಸು. ಅಜ್ಜಿ ಅನ್ಲಿ."

ಅಂದು ರಾತ್ರಿಯೇ ಮಿಷಿನ್ನನ್ನು ಕೂಸೆಂದು ಲೆಕ್ಕ ಹಿಡಿದು ಆ ಹೊಸ ಅಕ್ಷರವನ್ನು ಪ್ರೋಗ್ರಾಮಿಗೆ ಸೇರಿಸಿದೆ. ಮಾರನೆಯ ಬೆಳಿಗ್ಗೆ ತಿಮ್ಮಕ್ಕ ಕ್ಯಾನು ಹಿಡಿದು ಬಂದರು. ಕಾರ್ಯದರ್ಶಿ ಹಾಲು ಅಳೆದ. ಮಿಷಿನ್ನು ಗುರುಗುಟ್ಟಿ ಚೀಟಿ ಹೊರಹಾಕಿತು. ನಾನು ಉಗುರು ಕಚ್ಚುತ್ತ ಬಾಗಿಲ ಬಳಿ ನಿಂತಿದ್ದೆ. ಅವರು ಚೀಟಿಯನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿ, ತುಟಿ ಅಲುಗಿಸಿ ಓದಿದರು: ತಿಮ್ಮಜ್ಜಿ. ಆಮೇಲೆ ನನ್ನ ಕಡೆಯಾಗಲಿ ಕಾರ್ಯದರ್ಶಿಯ ಕಡೆಯಾಗಲಿ ನೋಡದೆ, ಮಿಷಿನ್ನಿನ ಹತ್ತಿರ ಸ್ವಲ್ಪ ಬಗ್ಗಿದರು.

"ಎಂತ ಮಗಾ?" ಎಂದರು.