ಎಡಗೈ ಬಳೆಗಳು

ಸೋಪಿನ ನೊರೆಯ ವಾಸನೆಗೆ ನೆನಪಾಯಿತು. ಮೇಳಿಗೆಯಲ್ಲಿ ಅಣ್ಣನ ಮಗಳ ಸೀಮಂತ. ಬಳೆಗಾರ್ತಿ ಜಗಲಿಯಲ್ಲಿ ಕೂತು ಒಬ್ಬೊಬ್ಬರ ಕೈಗೂ ನೊರೆ ಸವರಿ, ಬೆರಳುಗಳನ್ನು ಒತ್ತಿ ಹಿಡಿದು, ಹಸಿರು ಗಾಜಿನ ಬಳೆ ಏರಿಸುತ್ತಿದ್ದಳು. ನನ್ನ ಬಲಗೈ ಮುಗಿಸಿ, "ಎಡಗೈ ಕೊಡಿ ಅಕ್ಕ" ಅಂದಳು. ನಾನು ಕೊಡುವುದು ಸ್ವಲ್ಪ ತಡವಾಯಿತು. ಆ ಮಾತು ಕೇಳಿದ ಕೂಡಲೇ ಸೆರಗಿನೊಳಗೆ ಸರಿದುಹೋಗುತ್ತಿದ್ದ ಇನ್ನೊಂದು ಎಡಗೈ ಕಣ್ಣೆದುರು ಬಂದಿತ್ತು…

ಕೋಣಂದೂರಿನಲ್ಲಿ ನಾವು ಬಾಡಿಗೆಗಿದ್ದಾಗ ಅವರದೂ ನಮ್ಮದೂ ಒಂದೇ ಗೋಡೆ. ಊರಿಗೆಲ್ಲ ಅವರು ಹೊಲಿಗೆ ಟೀಚರ್. ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರು ಮತ್ತು ವಯಸ್ಸಾದ ತಾಯಿ. ಟೀಚರ ಎಡಗೈ ಹುಟ್ಟಿದಾಗಲೇ ತುಸು ದಪ್ಪವಿತ್ತಂತೆ. ಅವರು ಬೆಳೆದ ಹಾಗೆ ಅದು ಅವರಿಗಿಂತ ಜೋರಾಗಿ ಬೆಳೆದುಬಿಟ್ಟಿತ್ತು. ಹೆಬ್ಬೆರಳು, ತೋರುಬೆರಳು ಎರಡೂ ಬಾಳೆಕಾಯಿಯಷ್ಟು. ತಮ್ಮ ರವಿಕೆಯ ಎಡತೋಳನ್ನು ಉದ್ದಕ್ಕೆ ಸೀಳಿ, ಕಾಣದ ಹಾಗೆ ಒಳಗಡೆ ಗುಂಡಿ ಇಟ್ಟು ಹೊಲಿದುಕೊಳ್ಳುತ್ತಿದ್ದರು. ನಾವಿಬ್ಬರೇ ಇದ್ದಾಗ ಅದನ್ನು ಮಡಿಲ ಮೇಲೆ ಇಟ್ಟುಕೊಂಡು, "ನಾನು ಉಪವಾಸ ಇದ್ರೂ ಇದು ಇರಲ್ಲ ನೋಡು ಮಾರಾಯ್ತಿ" ಅನ್ನುತ್ತಿದ್ದರು. ನಾಲ್ಕು ಜನ ಸೇರಿದಲ್ಲಿ ಮಾತ್ರ ಕೈ ಸೆರಗಿನಿಂದ ಹೊರಗೆ ಬರುತ್ತಿರಲಿಲ್ಲ. ಒಂದೇ ಕೈಗೆ ಬಳೆ ತೊಡಿಸಿ ಕಳಿಸಬಾರದು ಅಂತ ಅಲ್ಲಿನ ಬಳೆಗಾರ್ತಿ ಎಡಗೈಯ ಪಾಲನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಟೀಚರ್ ಅವನ್ನು ದಾರದಲ್ಲಿ ಪೋಣಿಸಿ ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಮೆಷಿನ್ ತುಳಿದಾಗಲೆಲ್ಲ ಅವು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು.

ಅವರ ತಾಯಿಯನ್ನು ನನ್ನ ಮಕ್ಕಳ ಜೊತೆ ನಾನೂ ಅಜ್ಜಿ ಅನ್ನುತ್ತಿದ್ದೆ. ಅಜ್ಜಿ ಅಡುಗೆಯೆಲ್ಲ ಮಾಡುವರು, ಈಳಿಗೆಮಣೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಮರೆತು ಸೌತೆಕಾಯಿ ಹೆಚ್ಚಿದ್ದರಂತೆ. ಕೂಸಿನ ಕೈ ನೋಡಿದ ಕೂಡಲೇ ಗಂಡನ ಮನೆಯವರು ಅದನ್ನೇ ಎತ್ತಿ ಆಡಿದರು. ಅವತ್ತಿನಿಂದ ಅಜ್ಜಿ ಈಳಿಗೆ ಮುಟ್ಟಲಿಲ್ಲ. ಹಾಗಾಗಿ ಆ ಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಆ ಕೈಯದ್ದೇ ಆಗಿತ್ತು. ಹೀರೆಕಾಯಿಯನ್ನು ಆ ದೊಡ್ಡ ಬೆರಳುಗಳಲ್ಲಿ ಹಿಡಿದು ಟೀಚರ್ ನಿಧಾನಕ್ಕೆ ಹೆಚ್ಚುವಾಗ ಅಜ್ಜಿ ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದರು.

ಒಂದು ವರ್ಷ ಕೈನೋವು ಹೆಚ್ಚಾಗಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಟೀಚರೂ ನಾನೂ ಹೋದೆವು. ಅಲ್ಲೊಬ್ಬ ಹುಡುಗಿಯಂಥ ಡಾಕ್ಟರು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿಕೊಂಡು ತುಂಬ ಹೊತ್ತು ನೋಡಿದರು. ತೀರಾ ಅಪರೂಪದ ಕಾಯಿಲೆ, ಇದರ ಮೇಲೆ ಸಂಶೋಧನೆ ಮಾಡುತ್ತಿದ್ದೇವೆ, ರಕ್ತದಲ್ಲಿ ಏನೂ ಸಿಗುವುದಿಲ್ಲ, ಬೆಳೆದ ಜಾಗದಿಂದಲೇ ಒಂದು ಚೂರು ಮಾಂಸ ಬೇಕು, ಕೊಡುವುದು ಬಿಡುವುದು ನಿಮ್ಮಿಷ್ಟ ಅಂದರು. ಟೀಚರ್ ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದರು.

ವಾಪಸು ಬರುವಾಗ ಬಸ್ಸು ಆಗುಂಬೆ ತಿರುವು ಹತ್ತುತ್ತಿತ್ತು. "ಚುಚ್ಚಿಸಿಕೊಳ್ಳಕ್ಕೆ ಹೆದರಿಕೆ ಅಲ್ಲ" ಅಂದರು. "ಅಮ್ಮಂದೇ ತಪ್ಪು ಅಂತ ಬಂದ್ರೆ ಎಂತ ಮಾಡೋದು?"

ಅಜ್ಜಿಗೆ ವಿಷಯ ತಿಳಿದದ್ದೇ, "ಕೊಡು ಮಗಾ. ನಾನು ಇರೋದ್ರೊಳಗೆ ಗೊತ್ತಾಗ್ಲಿ" ಅಂದುಬಿಟ್ಟರು. ಟೀಚರ್ ಹೋಗಿ ಕೊಟ್ಟುಬಂದರು.

ಮಳೆಗಾಲ ಕಳೆದ ಮೇಲೆ ಡಾಕ್ಟರ ಫೋನ್ ಬಂತು. ಅಜ್ಜಿಗೂ ಕೇಳಲಿ ಅಂತ ಟೀಚರ್ ಸ್ಪೀಕರ್ ಹಾಕಿ ಮೆಷಿನ್ನಿನ ಮೇಲಿಟ್ಟರು. "ಇದು ತಂದೆ ತಾಯಿಯಿಂದ ಬಂದದ್ದಲ್ಲಮ್ಮ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಒಂದು ಜೀವಕೋಶದಲ್ಲಿ ತಾನಾಗಿ ಒಂದು ಬದಲಾವಣೆ ಆಗಿದೆ. ಆ ಕೋಶದಿಂದ ಹುಟ್ಟಿದ ಕಡೆ ಮಾತ್ರ ಬೆಳವಣಿಗೆ ನಿಂತಿಲ್ಲ. ಯಾರ ತಪ್ಪೂ ಅಲ್ಲ" ಎಂದು ಆ ಹುಡುಗಿ ಬಿಡಿಸಿ ಬಿಡಿಸಿ ಹೇಳಿದರು. "ಏನಾದ್ರೂ ಕೇಳೋದಿದ್ಯಾ?" ಅಂದರು.

ಟೀಚರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಓದಿದವರ ಹತ್ತಿರ ಸೌತೆಕಾಯಿಯ ಮಾತು ಹೇಗೆ ಎತ್ತುವುದು… "ಎಂತ ಇಲ್ಲ ಮೇಡಂ" ಅಂತ ಹೇಳಿ ಟೀಚರ್ ಫೋನ್ ಇಟ್ಟರು.

ಅಜ್ಜಿ ಮೆಷಿನ್ನಿನ ಹತ್ತಿರ ಸರಿದು ಕೂತರು. ಆಮೇಲೆ ಕೇಳಿದರು, "ಹೊಟ್ಟೇಲಿದ್ದಾಗ್ಲೇ ಆಗಿದ್ದು ಅಂದ್ರಲ್ಲ?"

"ತಾನಾಗೇ ಆಗಿದ್ದು ಅಂದ್ರಲ್ಲಮ್ಮ."

"ಗ್ರಹಣದ ವಿಷಯ ಅವ್ರಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ? ಹೇಳ್ದೆ ಹೋದ್ರೆ ಪಾಪ ಅವ್ರಿಗಾದ್ರೂ ಹೇಗೆ ಗೊತ್ತಾಗ್ಬೇಕು?"

ಅಷ್ಟು ವರ್ಷದ ಮೇಲೆ ಬಂದ ಬಿಡುಗಡೆಯ ಮಾತು ಅಜ್ಜಿಯ ಕಿವಿಯಲ್ಲಿ ತೀರ್ಪಾಗಿ ಹೋಯಿತು. ನಾವು ಎಷ್ಟು ಹೇಳಿದರೂ, "ನೀವು ನನ್ನ ಸಮಾಧಾನಕ್ಕೆ ಹೇಳ್ತೀರಿ" ಅನ್ನುತ್ತಿದ್ದರು. ಡಾಕ್ಟರ ಬಾಯಿಂದಲೇ ಬರಬೇಕಿತ್ತು. ಟೀಚರ್ ನಾಳೆ ಫೋನ್ ಮಾಡಿ ಕೇಳುತ್ತೇನೆ ಅನ್ನುವರು. ಮರುದಿನ ಕತ್ತರಿಸುವ ಬಟ್ಟೆ ಹರಡಿಕೊಂಡು ಕೂರುವರು. "ಕೇಳಿದ್ರೆ ಆ ಹುಡುಗಿ ನಗಲ್ವಾ? ಕೈ ತೋರ್ಸಕ್ಕೂ ಇಷ್ಟು ನಾಚಿಕೆ ಆಗಿರ್ಲಿಲ್ಲ ಮಾರಾಯ್ತಿ" ಅಂದಿದ್ದರು ಒಮ್ಮೆ. ನಾನು ಕೇಳುತ್ತೇನೆ ಕೊಡಿ ಅಂತ ಹೇಳಲು ನನಗೂ ಬಾಯಿ ಬರಲಿಲ್ಲ.

ಅಜ್ಜಿ ಆ ಬೇಸಿಗೆಯಲ್ಲಿ ಹೋದರು. ಕೊನೆಯವರೆಗೂ ಈಳಿಗೆ ಮುಟ್ಟಲಿಲ್ಲ. ಕೆಲವು ವರ್ಷಕ್ಕೆ ಟೀಚರ್ ಕೂಡ… ಕೈಯಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತಂತೆ. ಆ ಹೊತ್ತಿಗೆ ನಾವು ತೀರ್ಥಹಳ್ಳಿಗೆ ಬಂದಾಗಿತ್ತು. ಹೋಗಿ ನೋಡಿದಾಗ ಮೆಷಿನ್ನಿಗೆ ಬಟ್ಟೆ ಮುಚ್ಚಿದ್ದರು. ಸರಳಿನ ಬಳೆಗಳ ಮೇಲೆ ಧೂಳು ಕೂತಿತ್ತು. ಈಗ ಆ ಕಾಯಿಲೆಗೆ ಮಾತ್ರೆ ಬಂದಿದೆಯಂತೆ, ಅಂಥ ಚೂರು ಚೂರು ಮಾಂಸ ನೋಡಿಯೇ ಕಂಡುಹಿಡಿದದ್ದಂತೆ.

ನಿನ್ನೆ ಬೀನ್ಸ್ ಹೆಚ್ಚುತ್ತಿದ್ದೆ, ಅಣ್ಣನ ಮಗಳ ಫೋನ್ ಬಂತು.

"ಅತ್ತೆ, ಮುಂದಿನ ವಾರ ಗ್ರಹಣ ಅಂತೆ. ಅಮ್ಮ ಆಗ್ಲೇ ಮನೇಲಿರೋ ಚಾಕು ಎಲ್ಲ ಎತ್ತಿಡ್ತಿದಾರೆ. ನಿಜವಾಗ್ಲೂ ಎಂತಾದ್ರೂ ಆಗುತ್ತಾ?"

ಎಲ್ಲವೂ ನಾಲಿಗೆಯ ತುದಿಗೆ ಬಂತು. ಆ ಕೈ, ಆ ಫೋನು, ಗೋಡೆಯ ಕಡೆ ತಿರುಗಿ ಕೂತ ಅಜ್ಜಿ. ಅತ್ತಿಗೆ ಏನಂದುಕೊಂಡಾರು, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರ ತಲೆಗೆ ಬಂದೀತು ಅನ್ನುವುದೂ ಜೊತೆಗೇ ಬಂತು.

"ಒಂದು ದಿನ ತಾನೇ ಮಗಾ" ಅಂದೆ. "ಅಮ್ಮ ಹೇಳ್ದಂಗೆ ಇದ್ದುಬಿಡು."

ಫೋನಿಟ್ಟ ಮೇಲೆ ಬೀನ್ಸ್ ಹಾಗೇ ಬಿಟ್ಟು ಕೂತೆ. ಎರಡೂ ಕೈಯಲ್ಲಿ ಸೀಮಂತದ ಹಸಿರು ಬಳೆ. ನಾಳೆ ಫೋನ್ ಮಾಡಿ ಸರಿಯಾಗಿ ಹೇಳಬೇಕು ಎಂದುಕೊಂಡಿದ್ದೇನೆ. ಟೀಚರ್ ಕೂಡ ನಾಳೆ ಅಂತಲೇ ಅನ್ನುತ್ತಿದ್ದರು.